ಕೂಗದ ಸೈರನ್

ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಓಡಿಬಂದ ಹೆಂಗಸಿನ ಸೀರೆ ಸೊಂಟದವರೆಗೆ ಒದ್ದೆಯಾಗಿತ್ತು.

"ನಮ್ಮೆಜಮಾನ್ರು ಹೊಳೇಲಿ ಪಂಪಿನ ಜಾಲರಿ ಕಸ ತೆಗೀತಿದ್ರು ಸಾರ್. ಏಕಾಏಕಿ ನೀರು ನುಗ್ತು. ಸೈರನ್ ಕೂಗಲೇ ಇಲ್ಲ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಫೋನ್ ಹಿಡಿದರು. ಅಣೆಕಟ್ಟು ಗಡಿಯಾಚೆಯ ದೇಶದ್ದು. ಈಚೆಯ ಹೊಳೆ ನೀರಾವರಿ ಇಲಾಖೆಯದು, ಪಂಪು ನೀರು ಮಂಡಳಿಯದು, ಸೈರನ್ ಎರಡೂ ದೇಶಗಳ ಜಂಟಿ ಸಮಿತಿಯದು. ಇಲಾಖೆಯವರು ಮಂಡಳಿಯತ್ತ, ಮಂಡಳಿಯವರು ಸಮಿತಿಯತ್ತ ಬೊಟ್ಟು ಮಾಡಿದರು.

"ಆಚೆಯವರು ಬಟನ್ ಒತ್ತಿದ್ದಾರೆ. ಸೈರನ್ ಕೂಗಿದೆ ಅಂತಲೇ ಇಲ್ಲಿ ತೋರಿಸ್ತಿದೆ" ಎಂದರು ಸಮಿತಿಯ ಅಧಿಕಾರಿ.

"ಹಾಗಾದ್ರೆ ಊರಿಗೆಲ್ಲ ಕಿವುಡಾ?"

"ಗೊತ್ತಿಲ್ಲ. ಎರಡು ಗಂಟೆಗೆ ಮತ್ತೆ ನೀರು ಬಿಡ್ತಾರೆ. ಅಣೆಕಟ್ಟು ತುಂಬಿದೆ, ತಡೆಯೋಕಾಗಲ್ಲವಂತೆ."

ಬೆಳಗಿನ ನೀರು ಇಳಿದ ಮೇಲೆ, ಕೊಚ್ಚಿಹೋದವನನ್ನು ಹುಡುಕಲು ಅರ್ಧ ಊರೇ ಹೊಳೆಗಿಳಿದಿತ್ತು. ಪೇದೆಗಳು ದಡದಿಂದ ಕೂಗಿ ಕೂಗಿ ಗಂಟಲು ಹರಿದುಕೊಂಡರು. ದೂರದ ಬಂಡೆಗಳ ನಡುವೆ ಇದ್ದವರಿಗೆ ಕೇಳಿಸಲೇ ಇಲ್ಲ.

ಒಂದೂವರೆಗೆ ಇನ್‌ಸ್ಪೆಕ್ಟರ್, ಒಬ್ಬ ಪೇದೆ, ಒಬ್ಬ ಮಹಿಳಾ ಪೇದೆ ಸೈರನ್ ಕಂಬದ ಬಳಿ ಬಂದರು. ಪೇದೆ ಏಣಿ ಹತ್ತಿದ.

"ಸಾರ್, ಸೈರನ್ ಬಾಯೊಳಗೆ ಕಂಬಳಿ ತುರುಕಿದ್ದಾರೆ!"

ಕಂಬಳಿ ಕಿತ್ತು ಪಂಚನಾಮೆ ಮಾಡುವಾಗ, ಕಂಬದ ಬುಡದ ಮನೆಯಿಂದ ಸೈರನ್ ಕಾವಲುಗಾರ ಹೊರಬಂದ. ಕಂಬಳಿ ನೋಡಿದವನೇ ಹೊಸ್ತಿಲ ಮೇಲೆ ಕುಸಿದ.

"ನಿಂದೇನಾ?"

"ಹೌದು ಸಾರ್."

"ಯಾಕೆ?"

"ಹಿಂದಿನ ನೆರೇಲಿ ನಮ್ಮ ಮಗು ನನ್ನ ಹೆಂಡ್ತಿ ಕಂಕುಳಿಂದ ಜಾರಿ ಕೊಚ್ಚಿ ಹೋಯ್ತು. ಆಗ ಇದು ಕೂಗ್ತಾ ಇತ್ತು. ಈಗ ದಿನಾ ಪರೀಕ್ಷೆ ಅಂತ ಕೂಗಿಸ್ತಾರೆ. ಕೂಗಿದಾಗೆಲ್ಲ ಮಂಚದ ಕೆಳಗೆ ಸೇರ್ಕೊಂಡು ಉಸಿರು ಬಿಗಿಹಿಡೀತಾಳೆ. ಒಂದಿನ ಅಲ್ಲೇ ಹೋಗ್ಬಿಡ್ತಾಳೆ ಅನ್ನಿಸ್ತು."

"ನೀರು ಬಿಡೋವಾಗ ಏನ್ ಗತಿ ಅಂತ ಯೋಚಿಸ್ಲಿಲ್ವಾ?"

"ನೀರು ಬಿಡೋಕೆ ಮೊದಲು ಆಚೆಯವರು ನಂಗೆ ಫೋನ್ ಮಾಡೋರು. 'ದಡ ಖಾಲಿ' ಅಂತ ನಾನಂದ ಮೇಲೇ ಬಿಡ್ತಿದ್ರು. ಫೋನ್ ಬಂದ್ರೆ ಕಂಬಳಿ ಕೀಳೋಣ ಅಂತಿದ್ದೆ. ಇವತ್ತು ಬರಲಿಲ್ಲ. ಮೇಲೆ ಏನೋ ಮುಲುಗಿದ ಹಾಗೆ ಕೇಳಿಸ್ತು. ಪರೀಕ್ಷೆ ಅಂದ್ಕೊಂಡೆ."

ಪೇದೆ ಸಮಿತಿಗೆ ಫೋನ್ ಹಚ್ಚಿದ. ಹೋದ ವಾರದಿಂದ ಫೋನ್ ಪದ್ಧತಿಯೇ ನಿಂತಿತ್ತು. ಆಚೆಯವರೇ ನೇರವಾಗಿ ಬಟನ್ ಒತ್ತಿ, ಸೈರನ್ ಕೂಗಿಸಿ ನೀರು ಬಿಡುವುದೆಂದಾಗಿತ್ತು. ಕಾವಲುಗಾರನಿಗೆ ಇಲಾಖೆ ಹೇಳಿರುತ್ತದೆಂದು ಸಮಿತಿ, ಮಂಡಳಿ ಹೇಳಿರುತ್ತದೆಂದು ಇಲಾಖೆ ಸುಮ್ಮನಿದ್ದವು.

"ಇನ್ನೇನು ಕೂಗುತ್ತೆ ಸಾರ್" ಎಂದ ಕಾವಲುಗಾರ, ಕೈಮುಗಿದು. "ಅದು ನಿಲ್ಲೋ ತನಕ ಅವಳ ಹತ್ರ ಇರ್ತೀನಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೀನಿ."

ಇನ್‌ಸ್ಪೆಕ್ಟರ್ ಬಾಗಿಲು ಬಿಟ್ಟು ಸರಿದು ನಿಂತರು.

ಸೈರನ್ ಕೂಗಿತು. ಎದೆಯೊಳಗೇ ಕೂಗಿದಂತಾಯಿತು. ಹೊಳೆಯಲ್ಲಿದ್ದವರು ಬಿದ್ದೆದ್ದು ದಡಕ್ಕೆ ಓಡಿದರು. ಬೆಳಿಗ್ಗೆ ದೂರು ಕೊಟ್ಟವಳನ್ನು ಇಬ್ಬರು ರಟ್ಟೆ ಹಿಡಿದು ಎಳೆತಂದರು. ಒಳಗೆ ಕಾವಲುಗಾರ ನೆಲಕ್ಕೆ ಬಿದ್ದುಕೊಂಡು, ಮಂಚದ ಕೆಳಗಿದ್ದ ಹೆಂಡತಿಯ ಎರಡೂ ಕಿವಿ ಮುಚ್ಚಿದ್ದ. "ಉಸಿರಾಡೇ, ಉಸಿರಾಡು" ಎನ್ನುತ್ತಿದ್ದ.

ಸದ್ದು ನಿಂತಿತು. ಹಿಂದೆಯೇ ನೀರು ಬಂತು. ದಡದ ಮೇಲೆ ತಲೆ ಎಣಿಸಿದರು, ಎಲ್ಲರೂ ಇದ್ದರು. ಇನ್‌ಸ್ಪೆಕ್ಟರ್ ಆಗ ಕಾವಲುಗಾರನನ್ನು ಬಂಧಿಸಿದರು.

"ನಾಳೆ ಕೂಗಿದಾಗ ನನ್ನ ಯಾರ್ರೀ ಹಿಡ್ಕೋತಾರೆ?" ಹೆಂಡತಿ ಗಂಡನನ್ನು ಕೇಳಿದಳು.

ಕೊಚ್ಚಿಹೋದವನ ದೇಹ ಸಂಜೆ ಸಿಕ್ಕಿತು. ಮೂರೂ ಕಚೇರಿಗಳಿಗೆ ನೋಟಿಸ್ ಹೋಯಿತು. ಕೇಸಿನ ಕಡತದಲ್ಲಿ ಕೃತ್ಯದ ಕಾರಣ ಎಂದಿದ್ದ ಜಾಗದಲ್ಲಿ ಇನ್‌ಸ್ಪೆಕ್ಟರ್ ಬರೆದರು: ದ್ವೇಷವಿಲ್ಲ, ಲಾಭವಿಲ್ಲ. ಹೆಂಡತಿ ಹೆದರಿಕೆಯಲ್ಲೇ ಸತ್ತಾಳೆಂಬ ಹೆದರಿಕೆ.

ಮರುದಿನ ಪರೀಕ್ಷೆಯ ಸೈರನ್ ಕೂಗುವ ಹೊತ್ತಿಗೆ ಮಹಿಳಾ ಪೇದೆ ಆ ಮನೆಯ ನೆಲದ ಮೇಲೆ, ಮಂಚದ ಪಕ್ಕ ಕೂತಿದ್ದಳು. ಕೂಗು ಶುರುವಾದೊಡನೆ ಮಂಚದ ಕೆಳಗೆ ಕೈಚಾಚಿ ಕಾವಲುಗಾರನ ಹೆಂಡತಿಯ ಎರಡೂ ಕಿವಿ ಮುಚ್ಚಿದಳು.