ಗುಳ್ಳೆ ಇಲ್ಲದ ಬಾಟಲಿ

"ಇದು ಆಗಲ್ಲ. ಗುಳ್ಳೆ ಇದೆ."

ನೀರು ಪರೀಕ್ಷಿಸುವ ಇಬಿಸೊ ಪುಟ್ಟ ಗಾಜಿನ ಬಾಟಲಿಯನ್ನು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿದಳು. ಬಟಾಣಿ ಗಾತ್ರದ ಗಾಳಿ ಮೇಲೇರಿತು.

ಎದುರಿಗಿದ್ದ ಸೊಕಾರಿಯ ಮುಖ ಸಪ್ಪಗಾಯಿತು. ಬೆಳಗೆಲ್ಲ ದೋಣಿಯಲ್ಲಿ ಕೂತು, ತನ್ನೂರಿನ ಬಾವಿನೀರನ್ನು ಪೋರ್ಟ್ ಹಾರ್ಕೋರ್ಟಿನ ಈ ಪ್ರಯೋಗಾಲಯಕ್ಕೆ ತಂದಿದ್ದ. ಎಣ್ಣೆ ಕಂಪನಿಯ ಪೈಪು ಒಡೆದದ್ದಕ್ಕೆ ಊರು ಹೂಡಿದ್ದ ಮೊಕದ್ದಮೆಗೆ ಇದರ ವರದಿಯೇ ಸಾಕ್ಷಿ. ಕಾಯಿಲೆ ಬಿದ್ದ ಅವನ ತಾಯಿ ಕುಡಿಯುತ್ತಿದ್ದುದೂ ಅದೇ ನೀರು.

ನೀರಿಗೆ ಸೇರಿದ ಎಣ್ಣೆಯ ವಿಷ, ಬೆಂಜೀನ್, ಆವಿಯಾಗಿ ಗುಳ್ಳೆಗೆ ಸೇರುತ್ತದೆ, ಲೆಕ್ಕ ಕಡಿಮೆ ಬರುತ್ತದೆ, ಎದುರಾಳಿ ವಕೀಲರು ಒಪ್ಪುವುದಿಲ್ಲ ಎಂದು ಅವಳು ವಿವರಿಸಿದಳು.

"ಹಾಗಂತ ಚೆಲ್ಲಿಬಿಡ್ತೀರಾ ಮೇಡಮ್?"

"ಒಂದು ಬಾಟಲಿ ತುಂಬೋಕೂ ಬರಲ್ವಾ ನಿಮಗೆ?"

ಅವನ ಕಣ್ಣು ತುಂಬಿದ್ದು ಕಂಡು ಇಬಿಸೊ ಬಾಟಲಿಯತ್ತ ತಿರುಗಿದಳು. ಮುಚ್ಚಳ ತೆಗೆದು ಚೆಲ್ಲುವಾಗ ಪೆಟ್ರೋಲಿನ ವಾಸನೆ ಮೂಗಿಗೆ ಅಡರಿತು. 'ಕುಡಿಯಬೇಡಿ ಅಂದುಬಿಡಲೇ...?' ವರದಿಗೆ ಸಹಿ ಬೀಳುವ ತನಕ ಬಾಯಿ ಬಿಡಬಾರದೆಂಬುದು ಅಲ್ಲಿನ ಕಟ್ಟಳೆ. ಸುಮ್ಮನಾದಳು.

ಗಾಳಿ ಸೇರದಂತೆ ತುಂಬುವುದನ್ನು ಅವಳೇ ಕಲಿಸಿದಳು. ಹೊಸ ಬಾಟಲಿ ತಂದುಕೊಟ್ಟ ಮೇಲೂ ಪರೀಕ್ಷೆಯ ಸರದಿ ಕೇಳುವ ನೆಪದಲ್ಲಿ ಅವನು ಬರುತ್ತಲೇ ಇದ್ದ, ಸುಟ್ಟ ಬಾಳೆಕಾಯಿ, ಮೀನು ಹಿಡಿದುಕೊಂಡು. 'ಗುಳ್ಳೆಯಮ್ಮ' ಎಂದು ರೇಗಿಸುತ್ತಿದ್ದ. ಅವನ ಹೆಜ್ಜೆ ಸದ್ದಿಗೆ ಅವಳು ಕೆಲಸ ಬಿಟ್ಟು ಬಾಗಿಲತ್ತ ನೋಡುತ್ತಿದ್ದಳು. ಇಬ್ಬರಿಗೂ ಹಿತವಾಗಿದ್ದ ಆ ವಾರಗಳಲ್ಲಿ ಅವನ ತಾಯಿ ದಿನವೂ ಆ ನೀರನ್ನೇ ಕುಡಿದಳು.

ಎರಡನೆಯ ಸಲ ಗುಳ್ಳೆ ಇರಲಿಲ್ಲ. ಆದರೆ ದಾರಿಯಲ್ಲಿ ಏನೂ ಬೆರೆಯಲಿಲ್ಲವೆಂದು ತಿಳಿಯಲು ಪ್ರಯೋಗಾಲಯವೇ ಜೊತೆಗೆ ಕಳಿಸಿದ್ದ, ಒಮ್ಮೆಯೂ ತೆರೆಯದ ಶುದ್ಧ ನೀರಿನ ಬಾಟಲಿಯಲ್ಲೂ ಬೆಂಜೀನ್ ಬಂತು!

"ದೋಣಿಯಲ್ಲಿ ಎಲ್ಲಿಟ್ಟಿದ್ದೆ?"

"ಬಿಸಿಲು ತಾಗದಿರಲಿ ಅಂತ... ಪೆಟ್ರೋಲ್ ಕ್ಯಾನಿನ ಮರೆಯಲ್ಲಿ."

ಕ್ಯಾನಿನ ಆವಿಯೇ ಬಾಟಲಿಗೆ ಸೇರಿದೆ, ಇದೂ ಕೆಲಸಕ್ಕೆ ಬಾರದು ಎಂದಳು. ಅವನು ಅವಳನ್ನೇ ದಿಟ್ಟಿಸಿದ.

"ಎಣ್ಣೆ ಕಂಪನಿಯವರು ಎಷ್ಟು ಕೊಟ್ರು ನಿನಗೆ?"

ಹೇಳಿದವನೇ ಹೊರಟುಹೋದ. ಇಬಿಸೊ ಅಲ್ಲೇ ಕೂತು ಅತ್ತಳು.

ಮೂರನೆಯ ಸಲ ಅವಳೇ ಹೋದಳು, ಎಂಜಿನ್ ಇಲ್ಲದ, ಹುಟ್ಟು ಹಾಕುವ ದೋಣಿಯಲ್ಲಿ. ಬಾವಿಕಟ್ಟೆಯ ಬಳಿ ನಿಂತಿದ್ದ ಸೊಕಾರಿ ಬಾವಿಯ ಹಗ್ಗವನ್ನು ಅವಳತ್ತ ಎಸೆದ. ಈ ಸಲ ಲೆಕ್ಕ ತಪ್ಪಿಲ್ಲದೆ ಬಂತು. ಮಿತಿಗಿಂತ ನೂರಾರು ಪಟ್ಟು ವಿಷ.

ವರದಿ ಹಿಡಿದು ಮತ್ತೆ ಊರಿಗೆ ಓಡಿ ಬಂದಾಗ ಸೊಕಾರಿಯ ಅಂಗಳದಲ್ಲಿ ಹೆಂಗಸರು ಅಳುತ್ತಿದ್ದರು. ಅವನ ತಾಯಿ ಹಿಂದಿನ ದಿನವೇ ಹೋಗಿಬಿಟ್ಟಿದ್ದಳು.

ಸೊಕಾರಿ ವರದಿ ನೋಡಿದ.

"ಕೋರ್ಟಲ್ಲಿ ನಿಲ್ಲುತ್ತಾ?"

"ನಿಲ್ಲುತ್ತೆ."

"ಮೊದಲನೇ ದಿನವೇ ನಿನಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. "ವಾಸನೆ ಬಂದಿತ್ತು... ಕುಡಿಯಬೇಡಿ ಅನ್ನಲಿಲ್ಲ ನಾನು."

"ಅಷ್ಟು ಸಲ ಬಂದೆನಲ್ಲ, ಇಬಿಸೊ. ನಿನ್ನ ಪಕ್ಕ ಕೂತು ಊಟ ಮಾಡಿದೆ."

ಅವಳು ತಲೆ ತಗ್ಗಿಸಿ ದೋಣಿಯ ಕಡೆ ನಡೆದಳು. ಅವನು ಹಿಂದೆಯೇ ಬಂದ.

"ನನ್ನ ದ್ವೇಷಿಸ್ತೀಯಾ?"

"ಹೂಂ," ಎಂದ. ಆದರೂ ಅವಳ ಕೈ ಹಿಡಿದುಕೊಂಡ, ಬಿಡಲಿಲ್ಲ. "ಬಿಟ್ಟಿರೋಕೂ ಆಗಲ್ಲ. ಅದಕ್ಕೇನು ಮಾಡಲಿ ಹೇಳು?"

ಅವಳಿಗೆ ಅಳು ಬಂತು.

"ಹೊಳೆಯಾಚೆ ಇನ್ನೂ ಬಾವಿಗಳಿವೆ," ಎಂದ. "ಹುಟ್ಟು ನಾನು ಹಾಕ್ತೀನಿ. ಬರ್ತೀಯಾ?"

"ಬರ್ತೀನಿ... ಮೊದಲು ಕುಡಿಯಬೇಡಿ ಅಂತ ಹೇಳ್ತೀನಿ. ಬಾಟಲಿ ಆಮೇಲೆ ತುಂಬ್ತೀನಿ."