ಕಂಬಳಿಹುಳದ ಗೆರೆಗಳು

ಲೇಥ್ ಯಂತ್ರ ನಡೆಸುವವನ ಗೆರೆಗಳನ್ನು ಕಂಡರೆ ಡ್ರಾಯಿಂಗ್ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಗೆರೆಗೆ ಹತ್ತು ಸಲ ಪೆನ್ಸಿಲ್ ಉಜ್ಜಿ, ಕಂಬಳಿಹುಳದ ಹಾಗೆ ರೋಮ ಎಬ್ಬಿಸಿ ಇಡುತ್ತಿದ್ದ. ವೃತ್ತ ಬರೆಯಲು ಹೇಳಿದರೆ ಕುಂಬಳಕಾಯಿ ಬರುತ್ತಿತ್ತು. ಥೂ, ಅಸಹ್ಯ.

ಕಾರ್ಖಾನೆಯ ಡ್ರಾಯಿಂಗ್ ವಿಭಾಗಕ್ಕೆ ಬರುತ್ತೇನೆಂದು ಅವನೇ ಅರ್ಜಿ ಹಾಕಿದ್ದ. ಮೂರು ವಾರ ಅವಳ ಬಳಿ ಕಲಿತು, ಸ್ಕೇಲ್ ಮುಟ್ಟದೆ ಬರಿಗೈಯಲ್ಲಿ ಒಂದು ಬಿಡಿಭಾಗದ ಚಿತ್ರ ಬರೆದು ತೋರಿಸಬೇಕು. ಪಾಸಾದರೆ ಅವಳ ಪಕ್ಕದ ಮೇಜು, ಇಲ್ಲದಿದ್ದರೆ ಮತ್ತೆ ಲೇಥ್.

“ಎರಡು ಚುಕ್ಕೆ ಇಡಿ. ಪೆನ್ಸಿಲ್ ತುದಿ ನೋಡ್ಬೇಡಿ, ಮುಟ್ಟಬೇಕಾದ ಚುಕ್ಕೆ ನೋಡಿ.”

ಅವನು ಅವಳನ್ನು ನೋಡಿದ. ಗೆರೆ ಹಾಳೆ ದಾಟಿ ಮೇಜಿನ ಮೇಲೆ ಹೋಯಿತು.

“ಚುಕ್ಕೆ ನನ್ನ ಮುಖದ ಮೇಲಿದೆಯಾ?”

“ಗಲ್ಲದ ಹತ್ರ ಒಂದಿದೆ ಮೇಡಂ.”

ಅವಳು ನಗು ನುಂಗಿ, ರಬ್ಬರ್ ಹುಡುಕುವ ನೆಪದಲ್ಲಿ ಡ್ರಾಯರ್‌ ಒಳಗೆ ತಲೆ ಹಾಕಿದಳು. ಇಂಥ ಗೆರೆ ಎಳೆಯುವವನ ಮೇಲೆ ಮನಸ್ಸು ಹೋಯಿತಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

ಪರೀಕ್ಷೆಯ ದಿನ, ಹೇಗಾದರೂ ಪಾಸು ಮಾಡಿಬಿಡೋಣ ಎಂದುಕೊಂಡೇ ಬಂದಿದ್ದಳು. ಅವನು ಕೊಟ್ಟ ಹಾಳೆಯಲ್ಲಿ ಗೆರೆಗಳೆಲ್ಲ ನೆಟ್ಟಗಿದ್ದವು. ಸಮಾನಾಂತರ ಗೆರೆಗಳ ನಡುವಿನ ಅಂತರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಉದ್ದದ ಗೆರೆ ಒಂದೊಂದರಲ್ಲೂ ಅದೇ ಅಳತೆಗೆ, ನಿಲ್ಲಿಸಿ ಮತ್ತೆ ಮುಂದುವರಿಸಿದ ಒಂದು ಜೋಡಣೆ ಕಾಣುತ್ತಿತ್ತು.

“ನಿಮ್ಮ ಐಡಿ ಕಾರ್ಡ್ ಕೊಡಿ.”

ಗೆರೆಯ ಮೇಲಿಟ್ಟು ನೋಡಿದಳು. ಕಾರ್ಡಿನ ಉದ್ದ ಸರಿಯಾಗಿ ಜೋಡಣೆಯವರೆಗೆ ಬಂತು. ಅಂಚಿಗೆಲ್ಲ ಪೆನ್ಸಿಲ್ ಮಸಿ ಮೆತ್ತಿತ್ತು.

ಈ ಸಲದ ಅಸಹ್ಯವೇ ಬೇರೆ. ಆ ಕಂಬಳಿಹುಳಗಳಾದರೂ ಅವನ ಸ್ವಂತದವಾಗಿದ್ದವು. ಇನ್ನು ಇವನು ತನ್ನ ಮುಖ ನೋಡುವುದಿಲ್ಲ ಎಂದು ಗೊತ್ತಿದ್ದೂ ‘ಫೇಲ್’ ಎಂದು ಬರೆದು ಸಹಿ ಹಾಕಿದಳು.

“ಸರಿಯಾಗೇ ಮಾಡಿದ್ರಿ,” ಎಂದ ಅವನು, ತಲೆ ತಗ್ಗಿಸಿ. “ಮೋಸ ಮಾಡಿದೆ, ತಪ್ಪಾಯ್ತು. ನಿಜ ಹೇಳ್ಬೇಕಂದ್ರೆ ನಂಗೆ ಡ್ರಾಯಿಂಗ್ ಕಂಡ್ರೆ ಆಗಲ್ಲ. ಆ ಪಕ್ಕದ ಮೇಜು ಬೇಕಿತ್ತು, ಅಷ್ಟೇ.”

ಅವಳಿಗೆ ರೇಗಿಹೋಯಿತು. “ಅದಕ್ಕೆ ಮೂರು ವಾರ ನನ್ನ ಕಣ್ಣು ಹಾಳು ಮಾಡ್ಬೇಕಿತ್ತಾ? ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ನಿಮಗೆ?”

“ಕೇಳಿದ್ರೆ ಏನಂತಿದ್ರಿ?”

ಅವಳು ಹಾಳೆಯನ್ನು ಮಡಚಿದಳು, ಮತ್ತೆ ಬಿಡಿಸಿದಳು. ಕಿವಿಯ ತುದಿ ಬಿಸಿಯಾಗಿತ್ತು.

“ಲೇಥ್ ಹತ್ರಾನೇ ಇರಿ, ಪೆನ್ಸಿಲ್ ಮಾತ್ರ ಮುಟ್ಬೇಡಿ ಅಂತಿದ್ದೆ. ಆಮೇಲೆ, ಹೂಂ ಅಂತಿದ್ದೆ.”