ಮೂರು ಸೀಟಿ, ಮೂರು ಮುದ್ದೆ

"ಕುಕ್ಕರ್ ನಂದು. ಸೀಟಿ ಯಾರದು?"

ಬಾಗಿಲು ತೆರೆದ ಕನಕರಾಜನ ಮೂಗಿನ ಕೆಳಗೆ ಒಂದು ಪಾತ್ರೆ ಬಂದು ನಿಂತಿತ್ತು. ಪಾತ್ರೆಯ ತುಂಬ ತೊಗರಿಬೇಳೆ. ಅದರ ಹಿಂದೆ ಎರಡು ಕಣ್ಣು... ಬೇಳೆ ಬೆಂದಿರಲಿಲ್ಲ. ಕಣ್ಣು ಮಾತ್ರ ಕೊತಕೊತ ಕುದಿಯುತ್ತಿದ್ದವು.

ಅವಳು ನಾಗಶ್ರೀ. ಬಾಗೂರಿನ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಹೊಸದುರ್ಗದಲ್ಲಿ ಖಾತುನ್ ಬೀ ಅವರ ಹೆಂಚಿನ ಮನೆಯ ಅರ್ಧಕ್ಕೆ ಬಾಡಿಗೆ ಬಂದು ಒಂಬತ್ತು ದಿನವಾಗಿತ್ತು. ಇನ್ನರ್ಧ ಇವನದು. ನಡುವಿನ ಗೋಡೆ ಹೆಂಚಿನವರೆಗೂ ಹೋಗದೆ ಆಳೆತ್ತರಕ್ಕೇ ಸುಸ್ತಾಗಿ ನಿಂತುಬಿಟ್ಟಿತ್ತು. ಈ ಮನೆಯ ಒಗ್ಗರಣೆಗೆ ಆ ಮನೆಯವರು ಸೀನುತ್ತಿದ್ದರು.

ಕನಕರಾಜ್ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ಹಿರೇಗುಂಟನೂರಿನ ಕುರಿಮಂದೆಯ ಜೊತೆ ಬೆಳೆದವನು. ಕುರಿಮರಿ, ಹಳೇ ಲೂನಾ, ದೊಡ್ಡ ಡಾಕ್ಟರ ಕೆಮ್ಮು... ಯಾವ ಸದ್ದು ಕಿವಿಗೆ ಬಿದ್ದರೂ ಅದು ಬಾಯಿಂದ ಹೊರಗೆ ಬರಲೇಬೇಕು. ಆ ಸಂಜೆ ಆಚೆಯ ಕುಕ್ಕರ್ ಒಂದು ಸಲ ಕೂಗಿತು. ಈಚೆಯಿಂದ ಇವನು ಎರಡು ಸಲ ಉತ್ತರ ಕೊಟ್ಟ. ಮೂರು ಸೀಟಿಗೆ ಒಲೆ ಆರಿಸಬೇಕೆಂದು ಎಣಿಸುತ್ತಿದ್ದ ಟೀಚರ್, ಲೆಕ್ಕ ತಪ್ಪದೆ ಮೂರಕ್ಕೇ ಆರಿಸಿದ್ದಳು.

'ಎಂಥಾ ಮನುಷ್ಯನಪ್ಪ... ಇವನ ಬೇಳೆ ನನ್ನ ಹತ್ತಿರ ಬೇಯಲ್ಲ' ಅಂದುಕೊಂಡಳು. ಸದ್ಯಕ್ಕೆ ಬೇಯದಿದ್ದದ್ದು ಅವಳದ್ದೇ.

ಕೋಪಕ್ಕೆ ಕಾರಣವಿತ್ತು. ಚಿತ್ರದುರ್ಗದಲ್ಲಿದ್ದ ಅಮ್ಮ ಮೀನಾಕ್ಷಿ ಒಂದು ಷರತ್ತು ಹಾಕಿದ್ದರು. ಒಂದು ತಿಂಗಳಾದ ಮೇಲೆ ಅವರು ಊಟಕ್ಕೆ ಬರುತ್ತಾರೆ. ಮಗಳು ತನ್ನ ಕೈಯಾರೆ ಹೊಟ್ಟೆ ತುಂಬುವ ರಾತ್ರಿಯೂಟ ಬಡಿಸಿದರೆ ಹೊಸದುರ್ಗದಲ್ಲೇ ಇರಬಹುದು. ಇಲ್ಲದಿದ್ದರೆ ಮನೆ ಖಾಲಿ ಮಾಡಿ, ದಿನಾ ದುರ್ಗದಿಂದ ಬಸ್ಸಿನಲ್ಲಿ ಓಡಾಡಬೇಕು.

ಇದನ್ನು ಕೇಳಿದ ಕನಕರಾಜನ ಮುಖ ಸಣ್ಣದಾಯಿತು. ನಿಮ್ಮ ಒಲೆ ಉರಿಯುವಾಗ ಇನ್ನೆಂದೂ ಸೀಟಿ ಹೊಡೆಯುವುದಿಲ್ಲ ಎಂದು ಮಾತು ಕೊಟ್ಟ. ತಪ್ಪಿಗೆ ದಂಡವಾಗಿ ಅಡುಗೆ ಕಲಿಸುತ್ತೇನೆ ಎಂದ.

ಪಾಠ ಶುರುವಾಯಿತು, ಗೋಡೆಯ ಮೇಲಿಂದಲೇ! ಆಚೆ ಏನಾಗುತ್ತಿದೆ ಎಂದು ಅವನಿಗೆ ಕಾಣದು. ಹಾಗಾಗಿ ಎಲ್ಲವನ್ನೂ ಸದ್ದಿನಲ್ಲೇ ಹೇಳುತ್ತಿದ್ದ. ಸಾಸಿವೆ 'ಚಟ್' ಎಂದರೆ ಕಾಯಬೇಕು, 'ಚಟಪಟಪಟ' ಎಂದು ಜಗಳಕ್ಕೆ ನಿಂತ ಮೇಲೆ ಬೆಳ್ಳುಳ್ಳಿ. ಮುದ್ದೆಗೆ ನೀರು ಮರಳಿದ ಮೇಲೆ ಹಿಟ್ಟನ್ನು ನಡುವೆ ಗುಡ್ಡೆ ಹಾಕಿ ಕೈಕಟ್ಟಿ ನಿಲ್ಲಬೇಕು.

"ತಿರುವಬೇಡ್ರಿ, ಕೋಲು ಮುಟ್ಟಬೇಡ್ರಿ. ನೀರು ಹಿಟ್ಟಿನ ಮೇಲೆ ಉಕ್ಕಿ 'ಲೊಟ್... ಲೊಟ್...' ಅಂತೈತೆ. ಅದು ಕೇಳಿದ ಮೇಲೆ ತಿರುವ್ರಿ. ಗಂಟು ಕಟ್ಟಲ್ಲ."

ಅವನ 'ಲೊಟ್' ಕೇಳಿ ಅವಳು ನಕ್ಕಳು. ಆಚೆಯಿಂದ ಅವಳದೇ ನಗು ವಾಪಸ್ ಬಂತು, ಕೊನೆಯ ಸಣ್ಣ ಬಿಕ್ಕಳಿಕೆಯ ಸಮೇತ. ನಾಗಶ್ರೀಯ ಕೈ ಕೋಲಿನ ಮೇಲೆ ನಿಂತೇಹೋಯಿತು.

'ನನ್ನ ನಗುವನ್ನು ಇಷ್ಟು ಗಮನ ಇಟ್ಟು ಕೇಳಿದ್ದಾನಾ...'

ಅಂದಿನ ಮುದ್ದೆ ತಳ ಹಿಡಿಯಿತು.

ಅಮ್ಮ ಬರುವ ಭಾನುವಾರ ಬಂತು. ಸಂಜೆ ಏಳಕ್ಕೆ ಮೀನಾಕ್ಷಿ ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತಿದ್ದರು. ಗಾಬರಿಯಲ್ಲಿ ನಾಗಶ್ರೀ ಅವರಿಗೆ ಬೆನ್ನು ಮಾಡಿ ಬೇಳೆಯ ಜೊತೆಗೇ ಹುಣಸೆಹಣ್ಣನ್ನೂ ಕುಕ್ಕರಿಗೆ ಹಾಕಿದಳು, ಒಂದು ಕೆಲಸ ಮುಗಿಯಿತೆಂದು. ಮೂರು ಸೀಟಿ ಎಣಿಸಿ ಇಳಿಸಿದಳು. ಮುಚ್ಚಳ ತೆಗೆದರೆ ಬೇಳೆ ಗಟ್ಟಿ ಕಾಳಾಗಿಯೇ ಕುಳಿತಿದೆ!

ಅಮ್ಮ ಒಂದು ಬೇಳೆಯನ್ನು ಬೆರಳಲ್ಲಿ ಹಿಸುಕಿ ನೋಡಿ ಪಾತ್ರೆಗೇ ವಾಪಸ್ ಹಾಕಿದರು. ನಾಗಶ್ರೀಗೆ ಅಳು ಉಕ್ಕಿತು. ಗೋಡೆಯತ್ತ ತಿರುಗಿ, ಮತ್ತೆ ಸೀಟಿ ಹೊಡೆದಿರಾ ಎಂದು ಕೂಗಿಬಿಟ್ಟಳು.

ಆಚೆ ಬೂಟಿನ ಸದ್ದು ಗೋಡೆಯ ಬಳಿಗೆ ಬಂದು ನಿಂತಿತು.

"ಹೌದು ರೀ... ನಾನೇ ಹೊಡೆದೆ. ಅಮ್ಮಾರೇ, ಅವರದೇನೂ ತಪ್ಪಿಲ್ಲ."

ಮೀನಾಕ್ಷಿ ಮುಂದಿನ ಭಾನುವಾರ ಮತ್ತೆ ಬರುತ್ತೇನೆಂದು ಒಂದು ವಾರ ಗಡುವು ಕೊಟ್ಟು ಹೋದರು. ನಾಗಶ್ರೀ ಅವನ ಬಾಗಿಲಿಗೆ ಹೋಗಿ ಒಂದೇ ಮಾತು ಹೇಳಿದಳು.

"ಇನ್ನು ಮೇಲೆ ನಿಮ್ಮ ಒಂದು ಸದ್ದೂ ನನಗೆ ಕೇಳಿಸಬಾರದು."

ಕೇಳಿಸಲಿಲ್ಲ. ಸೋಮವಾರ ಕೆಮ್ಮಿಲ್ಲ, ಮಂಗಳವಾರ ಲೂನಾ ಇಲ್ಲ. ಗುರುವಾರ ಅವನು ಪಾತ್ರೆಯನ್ನೂ ಸದ್ದಾಗದಂತೆ ತೊಳೆದ. ನಾಗಶ್ರೀಯ ಸಾರಿಗೆ ಉಪ್ಪು, ಖಾರ, ಹುಳಿ ಎಲ್ಲವೂ ಇದ್ದವು... ರುಚಿ ಮಾತ್ರ ಗೋಡೆಯಾಚೆ ಉಳಿದಿತ್ತು.

ಶನಿವಾರ ಎದುರು ಮನೆಯಲ್ಲೇ ಇದ್ದ ಖಾತುನ್ ಬೀ ಕೊತ್ತಂಬರಿ ಕೇಳಲು ಬಂದರು. ಕುಕ್ಕರಿಗೆ ಹುಣಸೆಹಣ್ಣು ಹಾಕಹೊರಟ ನಾಗಶ್ರೀಯ ಕೈಯನ್ನು ಹಿಡಿದುಕೊಂಡರು.

"ಯಾ ಅಲ್ಲಾ, ಹುಳಿ ಮೊದ್ಲೇ ಹಾಕಿದ್ರೆ ಬೇಳೆ ಹಟ ಹಿಡೀತೈತೆ ಬೇಟಿ. ಹತ್ತು ಸೀಟಿ ಹೊಡೆದ್ರೂ ಬೇಯಲ್ಲ. ಬೆಂದ ಮೇಲೆ ಹಾಕು."

ಹಾಗಾದರೆ ಹೋದ ಭಾನುವಾರ... ಅವತ್ತು ಕನಕರಾಜ್ ಎಷ್ಟು ಹೊತ್ತಿಗೆ ಮನೆಗೆ ಬಂದಿದ್ದನೆಂದು ಕೇಳಿಯೇ ಬಿಟ್ಟಳು. ಖಾತುನ್ ಬೀ ನೆನಪಿಸಿಕೊಂಡು ಹೇಳಿದರು. ಅವತ್ತು ಕುರಿ ಹೆರಿಗೆಗೆ ಹೋಗಿದ್ದವನು ಆಗಷ್ಟೇ ಒಳಗೆ ಹೆಜ್ಜೆ ಇಟ್ಟಿದ್ದ, ಬೂಟನ್ನೂ ಬಿಚ್ಚಿರಲಿಲ್ಲ. ಆಗಲೇ ಇವಳ ಕೂಗು ಕೇಳಿದ್ದು.

'ಮಾಡದ ತಪ್ಪನ್ನು ಒಪ್ಪಿಕೊಂಡ... ನನ್ನ ತಪ್ಪನ್ನು!'

ಭಾನುವಾರ ಬೇಳೆಯೂ ಸೊಪ್ಪೂ ಹುಳಿಯಿಲ್ಲದೆ ಬೆಣ್ಣೆಯಂತೆ ಬೆಂದವು. ಕಟ್ಟು ಬಸಿದು ಸಾರು ಮಾಡಿದಳು, ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು. ಉಳಿದದ್ದು ಮುದ್ದೆ. ಹಿಟ್ಟು ಗುಡ್ಡೆ ಹಾಕಿ, ಕೋಲು ಹಿಡಿದು, ಅಮ್ಮನ ಎದುರಿಗೇ ಗೋಡೆಯತ್ತ ಮುಖ ಮಾಡಿದಳು.

"ಕನಕರಾಜ್... ಒಂದ್ಸಲ ಆ ಸದ್ದು ಮಾಡ್ರಿ. ಗೊತ್ತಾಗ್ತಿಲ್ಲ ನನಗೆ."

ಗೊತ್ತಾಗುತ್ತಿತ್ತು. ಪಾತ್ರೆ ಆಗಲೇ ಹೇಳುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಅವನ ದನಿ.

ಗೋಡೆಯಾಚೆಯಿಂದ ಮೆಲ್ಲಗೆ...

"ಲೊಟ್... ಲೊಟ್..."

ಅಳುತ್ತಾ ನಗುತ್ತಾ ತಿರುವಿದಳು. ಒಂದು ಗಂಟೂ ಇಲ್ಲ. ತಿರುವುತ್ತಲೇ ಹುಣಸೆಹಣ್ಣಿನ ಕಥೆಯನ್ನೆಲ್ಲ ಅಮ್ಮನಿಗೆ ಒಪ್ಪಿಸಿದಳು. ಮೀನಾಕ್ಷಿ ತಟ್ಟೆಯತ್ತ ನೋಡಿದರು.

"ಉಣ್ಣೋರು ಇಬ್ಬರು. ಮೂರು ಮುದ್ದೆ ಕಟ್ಟಿದೀಯ. ಲೆಕ್ಕದ ಟೀಚರ್ ಅಲ್ವೇನೇ ನೀನು?"

"ಲೆಕ್ಕ ಸರಿಯಾಗೇ ಐತಮ್ಮ."

ಅಮ್ಮ ಒಂದು ತುತ್ತು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿದರು. ಆಮೇಲೆ ತಾವೇ ಗೋಡೆಗೆ ಕೇಳುವಂತೆ ಹೇಳಿದರು.

"ಏನಪ್ಪ, ಮುದ್ದೆ ಆರ್ತಾ ಐತೆ. ಬಾ."

ತಮ್ಮ ಊಟ ಮುಗಿಸಿ ಮೀನಾಕ್ಷಿ ಖಾತುನ್ ಬೀ ಅವರ ಜಗಲಿಗೆ ಹೋದರು. ಮನೆ ಖಾಲಿ ಮಾಡುವ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ಅಡುಗೆಮನೆಯಲ್ಲಿ ಇಬ್ಬರೇ ಉಳಿದರು.

"ಮಾಡದ ತಪ್ಪು ಯಾಕೆ ಒಪ್ಕೊಂಡ್ರಿ?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ನೀವು ದುರ್ಗಕ್ಕೆ ಹೋಗಿಬಿಟ್ರೆ ಆಚೆ ಕುಕ್ಕರ್ ಕೂಗಲ್ಲ. ನಾನು ಯಾರಿಗೆ ಉತ್ತರ ಕೊಡ್ಲಿ?"

ಜಗತ್ತಿನ ಎಲ್ಲ ಸದ್ದು ಬಲ್ಲವನ ಸ್ವಂತ ದನಿಯನ್ನು ಅವಳು ಮೊದಲ ಸಲ ಕೇಳಿದ್ದಳು.

"ನಾಗಶ್ರೀ... ನಾಳೆಯಿಂದ ಸೀಟಿ ಹೊಡೀಬಹುದಾ?"

"ಹೊಡೀರಿ." ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. "ಗೋಡೆ ಆಚೆಯಿಂದ ಬೇಡ... ಇಲ್ಲಿ, ನನ್ನ ಒಲೆ ಪಕ್ಕ ನಿಂತು."